ಅಡ್ಡಣಿಗೆಯ ಕಾಲು

ಮೂವತ್ತು ವರ್ಷದ ಹಿಂದೆ ಖೋ ಖೋ ಆಡಿದ್ದಕ್ಕೆ ಈಗ ಮೈಕಿನ ಮುಂದೆ ನಿಲ್ಲಬೇಕಾದೀತೆಂದು ಮಹಾನಂದಾ ಎಣಿಸಿರಲಿಲ್ಲ. ಬೈಲಹೊಂಗಲದಲ್ಲಿ ಮಗಳು ಶಿವಾನಿ ಓದುವ ಹೈಸ್ಕೂಲಿನ ಪಾಲಕರ ಸಭೆ ಅದು. ಶಿವಾನಿ ಯಾವಾಗಲೋ ಬಾಯಿಬಿಟ್ಟಿದ್ದಳೇನೋ, ಹೆಡ್‌ಮಾಸ್ತರರು ಬಿಡಲಿಲ್ಲ. "ನೀವು ಜಿಲ್ಲಾಕ್ಕ ಆಡಿದವ್ರ ಅದೀರಿ. ಹುಡುಗ್ಯಾರಿಗೆ ನಾಕು ಮಾತು ಹೇಳ್ರಿ" ಎಂದು ಕುರ್ಚಿಯಿಂದ ಎಬ್ಬಿಸಿಯೇಬಿಟ್ಟರು.

ಶುರುವಿನಲ್ಲಿ ತಡವರಿಸಿದಳು. ಆಮೇಲೆ ಮಾತು ತಾನಾಗಿ ಬಂತು.

"ಆಟದಾಗ ತಪ್ಪು ಆಗೂದ. ನಮ್ಮ ಭರಮಪ್ಪ ಮಾಸ್ತರ್ರು ಏನ್ ಹೇಳತಿದ್ರು ಅಂದ್ರ, ತಪ್ಪಿಗೆ ಒಂದ ಉಸುರು. ಎಳಕೋ, ಬಿಡು, ಮುಗೀತು. ಮುಂದಿನ ಉಸುರಿನ್ಯಾಗ ಹಳೇದು ಇರಬಾರದು. ಅದನ್ನ ನಾ ಗಂಡನ ಮನಿಗೂ ಕಟಗೊಂಡು ಬಂದೆ. ಹಾಲು ಉಕ್ಕಲಿ, ಹಿಟ್ಟು ಚೆಲ್ಲಲಿ, ಅತ್ತಿ ಬೈಲಿ, ಒಂದ ಉಸುರು!"

ಪಾಲಕರು ನಕ್ಕರು. ಹಿಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮಹಾನಂದಾಳಿಗೆ ಉಮೇದು ಹತ್ತಿತು. ಎರಡನೆಯ ಬಸಿರು ನಿಲ್ಲದೆ ಹೋದಾಗ, ಗಂಡನ ಬೀಜದ ಅಂಗಡಿಗೆ ನೀರು ನುಗ್ಗಿದಾಗ ತಾನು ಹೇಗೆ ಅಲುಗಾಡದೆ ನಿಂತೆ ಎಂಬುದನ್ನೂ ಹೇಳಿದಳು. ಅಂಗಳದಲ್ಲಿ ಕಲಿತ ಮನಸ್ಸಿನ ಗಟ್ಟಿತನ ಅಡುಗೆಮನೆಗೂ ಬರುತ್ತದೆ ಎಂದಾಗ ಚಪ್ಪಾಳೆ ಬಿತ್ತು. ಆಗಲೇ ಅವಳ ಕಣ್ಣು ಬಾಗಿಲ ಕಡೆ ಹೋದದ್ದು.

ನೀಲಿ ಟ್ರ್ಯಾಕ್ ಪ್ಯಾಂಟು ಹಾಕಿ, ಕೊರಳಲ್ಲಿ ಸೀಟಿ ಇಳಿಬಿಟ್ಟ ಹೆಂಗಸೊಬ್ಬಳು ಬಾಗಿಲಿಗೆ ಆತು ನಿಂತಿದ್ದಳು. ಚಪ್ಪಾಳೆ ತಟ್ಟುತ್ತಿರಲಿಲ್ಲ. ಎರಡೂ ಕೈಯಲ್ಲಿ ಹುಡುಗಿಯರ ಜರ್ಸಿಗಳ ಗಂಟಿತ್ತು, ತಟ್ಟದೆ ಇದ್ದುದಕ್ಕೆ ಅದೇ ಕಾರಣವಿರಬಹುದು. ಮುಖ ಗುರುತು ಸಿಗಲಿಲ್ಲ. ಗುರುತು ಹತ್ತಿದ್ದು ನಿಂತ ರೀತಿ. ಎಡಗಾಲಿನ ಮೇಲೆ ಭಾರ ಹಾಕಿ, ಸೀಟಿ ಊದಿದರೆ ಈ ಕ್ಷಣ ಓಡುತ್ತೇನೆ ಎಂಬ ಹಾಗೆ ನಿಲ್ಲುತ್ತಿದ್ದವಳು ಇಡೀ ರಾಮದುರ್ಗ ತಾಲೂಕಿನಲ್ಲಿ ಒಬ್ಬಳೇ ಇದ್ದಳು.

ಭಾಷಣ ಮುಗಿಸಿ ನೇರ ಬಾಗಿಲಿಗೆ ಹೋದಳು. "ಮಾಲಾ!"

"ಹೌದ್ರಿ. ಕಿತ್ತೂರಿಂದ ವರ್ಗಾ ಆಗಿ ಬಂದು ಹದಿನೈದು ದಿನ ಆತ್ರಿ. ಶಿವಾನಿ ನಿಮ್ಮ ಮಗಳಂತ ಇವತ್ತ ಗೊತ್ತಾತು ನೋಡ್ರಿ."

"ನನಗ್ಯಾಕ ರೀ ಹಚ್ಚಿ ಮಾತಾಡಾಕ ಹತ್ತೀ? ಲೇ ನಂದಿ ಅಂತ ಒದರತಿದ್ದಿ."

"ಪಾಲಕರ ಅದೀರಲ್ರಿ ಈಗ." ಮಾಲಾ ನಕ್ಕಳು. ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಭಾಷಣ ಛಲೋ ಆತ್ರಿ. ಒಂದ ಉಸುರು. ಭರಮಪ್ಪ ಸರ್ ನೆನಪ ಮಾಡಿಕೊಟ್ರಿ."

ಸ್ಕೂಟಿ ಹತ್ತಿ ಮನೆಗೆ ಬರುವಾಗ ಮಹಾನಂದಾಳ ಕಿವಿ ಸುಡುತ್ತಿತ್ತು. ಹೊಗಳಿಕೆಗೆ ಸುಡುವ ಕಿವಿ ಬೇರೆ ಎಂಬುದು ಅವಳಿಗೆ ಗೊತ್ತಿತ್ತು.

ಮೂವತ್ತು ವರ್ಷದ ಹಿಂದೆ, ತವರೂರು ಕಟಕೋಳದ ಶಾಲೆಯ ಅಂಗಳ. ಎಂಟು ಮಂದಿ ಚೌಕಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಓಡುವುದು. ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಎಂದ ಮೇಲೆಯೇ ಕೂತವಳು ಏಳಬೇಕು. ಹಿಂದೆ ಏನು ನಡೆದಿದೆ ಎಂದು ಹೊರಳಿ ನೋಡಬಾರದು, ಬೆನ್ನಿನಿಂದ ಕೇಳಬೇಕು ಎಂದು ಭರಮಪ್ಪ ಮಾಸ್ತರರು ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸುತ್ತಿದ್ದರು. ಮಹಾನಂದಾ ಐದನೆಯ ಚೌಕದವಳು. ಓಡುವವಳು ಹೆಚ್ಚಾಗಿ ಮಾಲಾ, ನೀಲಪ್ಪನ ಮಗಳು. ಮಾಲಾಳ ಕೈ ಯಾವಾಗಲೂ ಹೆಗಲ ಮೂಳೆಯ ಸ್ವಲ್ಪ ಕೆಳಗೆ ಬೀಳುತ್ತಿತ್ತು, ಐದೂ ಬೆರಳು ಅಗಲಿಸಿಕೊಂಡು. ಅಷ್ಟು ಜನರಲ್ಲಿ ಆ ಕೈಯನ್ನು ಮಹಾನಂದಾಳ ಬೆನ್ನು ಬೇರೆ ಮಾಡಿ ಗುರುತಿಸುತ್ತಿತ್ತು. ಎರಡು ವರ್ಷ, ದಿನಕ್ಕೆ ಎಷ್ಟು ಸಲವೋ.

ಸವದತ್ತಿಯಲ್ಲಿ ಗೆದ್ದು ಬಂದ ದಿನ ಮಹಾನಂದಾಳ ಅವ್ವ ಇಡೀ ತಂಡವನ್ನು ಊಟಕ್ಕೆ ಕರೆದಳು. ಮಾದಲಿ ಮಾಡಿದ್ದಳು, ಬೆಲ್ಲ ಮುಂದಾಗಿ, ಮೇಲೆ ತುಪ್ಪ. ಹುಡುಗಿಯರು ಬಾಗಿಲು ದಾಟುವಾಗ ಅವ್ವ ಒಬ್ಬೊಬ್ಬರನ್ನು ಯಾರ ಮಗಳೆಂದು ವಿಚಾರಿಸಿದಳು. "ನೀಲಪ್ಪನ ಮಗಳೇನವಾ? ಒಳಗ ಭಾಳ ಶೆಕಿ ಐತಿ. ನೀ ಇಲ್ಲೇ ಕಟ್ಟಿ ಮ್ಯಾಲ ಗಾಳಿಗೆ ಕುಂಡ್ರು ನನ್ನ ಕೂಸ." ಅಷ್ಟು ಅಕ್ಕರೆಯಿಂದ ಹೇಳಿದ್ದಳು. ಒಳಗಿದ್ದ ಎಂಟು ಮಂದಿಗೆ ಮನೆಯ ಊಟದ ಗಂಗಾಳ. ಕಟ್ಟೆಗೆ ಮುತ್ತಲ ಎಲೆ. ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ದಳು.

ಮಾಲಾ ಒಮ್ಮೆ ಕಟ್ಟೆಯಿಂದ ಬಾಗಿಲೊಳಗೆ ನೋಡಿದಳು. ಎಲ್ಲರನ್ನೂ ಅಲ್ಲ, ಮಹಾನಂದಾಳನ್ನು.

ಮಹಾನಂದಾ ಒಂದು ಉಸಿರು ಎಳೆದುಕೊಂಡಳು, ಬಿಟ್ಟಳು. ರೊಟ್ಟಿ ಮುರಿದಳು.

ಮರುದಿನ ಮುಂಜಾನೆ ಅಂಗಳದಲ್ಲಿ ಮಾಲಾಳ ಕೈ ಎಂದಿನಂತೆ ಬೆನ್ನಿಗೆ ಬಿತ್ತು. ಅದೇ ಜಾಗ, ಅದೇ ಜೋರು. ಅವಳೂ ಬಿಟ್ಟಿದ್ದಾಳೆ, ಮುಗಿಯಿತು ಎಂದು ಮಹಾನಂದಾ ತಿಳಿದುಕೊಂಡಳು. ಹಾಗೆ ತಿಳಿದುಕೊಳ್ಳುವುದು ಹಗುರವಾಗಿತ್ತು. ಮುಂದೆ ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ ಅದೇ ಹಗುರವನ್ನು ಹಚ್ಚಿಕೊಂಡೇ ದಿನ ತಳ್ಳಿದಳು. ಅವಳ ಸಮಾಧಾನ ನೋಡಿ ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಮಾಲಾ ಬಂದ ಮೇಲೆ ಶಿವಾನಿಯ ನಡೆನುಡಿ ಬದಲಾಯಿತು. ಬೆಳಿಗ್ಗೆ ಎದ್ದು ಹತ್ತು ನಿಮಿಷ ಕಣ್ಣುಮುಚ್ಚಿ ಕೂರುವುದು, ಗಣಿತದ ಪರೀಕ್ಷೆಗೆ ಹೋಗುವ ಮುಂಚೆ ಉಸಿರು ನೋಡುವುದು. ಒಂದು ದಿನ ಹಾಲು ಒಲೆಯ ತುಂಬ ಉಕ್ಕಿ ಹರಿದಾಗ ಅವಳು ಒರೆಸುವ ಬಟ್ಟೆಗೆ ಕೈ ಹಾಕಲಿಲ್ಲ, ಮೊದಲು ಬಲಗೈ ಎತ್ತಿದಳು. "ತಪ್ಪು ನಂದು. ಫೋನ್ ನೋಡಕೊಂತ ನಿಂತಿದ್ದೆ" ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ಉಸಿರು ಬಿಟ್ಟು ಒಲೆ ಒರೆಸಿದಳು.

ಬಾಗಿಲಲ್ಲಿ ಕೂತು ಕೊತ್ತಂಬರಿ ಸೋಸುತ್ತಿದ್ದ ಅತ್ತೆ ಸುಂದರವ್ವನಿಗೆ ನಗು ತಡೆಯಲಿಲ್ಲ. "ಏನ ಇದು, ಹಾಲು ಚೆಲ್ಲಿ ಕೈ ಎತ್ತತಾಳ! ಇಲೆಕ್ಷನ್ನಿಗೆ ನಿಂತೀಯೇನ?"

"ಮಾಲಾ ಟೀಚರ್ ರೂಲ್ ಆಯಿ," ಎಂದಳು ಶಿವಾನಿ. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. "ತಪ್ಪಾದ್ರ ಮೊದಲ ಕೈ ಎತ್ತಬೇಕು. ಯಾವ ತಪ್ಪು ಅಂತ ಎಲ್ಲಾರಿಗೂ ಕೇಳೂ ಹಂಗ ಹೇಳಬೇಕು. ಆಮ್ಯಾಲ ಉಸುರು. ಕೈ ಎತ್ತಲಾರದ ಬಿಟ್ಟದ್ದು ಕಳ್ಳ ಉಸುರಂತ."

"ನಿಮ್ಮವ್ವಂದು ಬರೇ ಉಸುರು, ನಿಮ್ಮ ಅಕ್ಕೋರದು ಕೈ ಬ್ಯಾರೆ. ನಾಳೆ ಕಾಲೂ ಎತ್ತರಿ!"

ಸುಂದರವ್ವ ನಗುತ್ತಲೇ ಇದ್ದಳು. ಮಹಾನಂದಾ ಹಿಟ್ಟು ನಾದುತ್ತಿದ್ದಳು. ನಾದಿದ ಹಿಟ್ಟನ್ನೇ ಮತ್ತೆ ನಾದಿದಳು.

ತಾಲೂಕಿನ ಪಂದ್ಯ ಗೆದ್ದ ವಾರ ಶಿವಾನಿ ಯಾರನ್ನೂ ಕೇಳದೆ ಟೀಚರನ್ನೂ ತಂಡದ ಎಲ್ಲರನ್ನೂ ಭಾನುವಾರ ಊಟಕ್ಕೆ ಕರೆದು ಬಂದಳು. "ಅವ್ವಾ, ಮಾದಲಿ ಮಾಡಬೇಕು ನೀ" ಎಂದು ಕುಣಿದಳು.

ಟೀಚರು ಯಾರ ಪೈಕಿ ಎಂದು ಆಗಲೇ ಓಣಿಯಲ್ಲಿ ವಿಚಾರಿಸಿಕೊಂಡಿದ್ದ ಸುಂದರವ್ವ ಬೇಡವೆನ್ನಲಿಲ್ಲ. ಸೊಸೆ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಹೇಳಿದಳು. "ಬರಲಿ ಬಿಡ. ಉಣಲಿ, ಹೋಗಲಿ. ಕಾಲ ಬ್ಯಾರೆ ಆಗೇತಿ, ನನಗ ತಿಳಿಯೂದಿಲ್ಲೇನು? ಆದ್ರ ದಿನಾ ನಾವು ಉಣ್ಣೂ ಗಂಗಾಳ ಅವು. ನಾ ಇರೂತನಕ ಅಷ್ಟ ನೋಡಕೋ."

ಮಹಾನಂದಾ ಅತ್ತೆಗೆ ಎದುರಾಡಲಿಲ್ಲ. ಪೇಟೆಗೆ ಹೋಗಿ ಕಾಗದದ ತಾಟು, ಕಾಗದದ ಕಪ್ಪು ತಂದಳು. ಎಲ್ಲರಿಗೂ ಅವೇ. ತೊಳೆಯುವ ತ್ರಾಸೂ ಇಲ್ಲ, ಯಾರಿಗೂ ಏನೂ ಅನ್ನಿಸುವುದಿಲ್ಲ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಬರುವ ದಾರಿಯಲ್ಲಿ ಅವಳಿಗೆ ಸಣ್ಣ ಹೆಮ್ಮೆಯೂ ಆಯಿತು. ಮೂವತ್ತು ವರ್ಷದಲ್ಲಿ ತಾನು ಕಲಿತದ್ದು ಇಷ್ಟು, ಒಬ್ಬಳಿಗೆ ಹಾಕಿದ್ದ ಮುತ್ತಲ ಎಲೆಯನ್ನು ಹನ್ನೆರಡೂ ಮಂದಿಗೆ ಹಾಕುವುದು ಎಂಬ ಮಾತು ಅವಳಿಗೆ ಹೊಳೆದದ್ದು ಆಮೇಲೆ.

ಭಾನುವಾರ ಪಡಸಾಲೆಯ ಉದ್ದಕ್ಕೂ ಚಾಪೆ ಹಾಸಿದರು. ಹುಡುಗಿಯರು ಗದ್ದಲ ಮಾಡುತ್ತ ಸಾಲಾಗಿ ಕೂತರು. ಮಾಲಾ ತಿಳಿ ಹಸಿರು ಸೀರೆ ಉಟ್ಟು ಬಂದಿದ್ದಳು. ಸುಂದರವ್ವನಿಗೆ ನಮಸ್ಕಾರ ಮಾಡಿದಳು. "ಕುಂಡ್ರಿ ಅಕ್ಕೋರ, ಕುಂಡ್ರಿ" ಎಂದಳು ಸುಂದರವ್ವ, ಸೆರಗು ಹೊದ್ದುಕೊಂಡು. ಮಹಾನಂದಾ ಕಾಗದದ ತಾಟುಗಳನ್ನು ಹಂಚುತ್ತ ಬಂದಳು. ಮಾಲಾಳ ಮುಂದೆ ಇಡುವಾಗ ಕಣ್ಣೆತ್ತಲಿಲ್ಲ.

ಅಷ್ಟರಲ್ಲಿ ಶಿವಾನಿ ದೇವರ ಕೋಣೆಯಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಅಡ್ಡಣಿಗೆ, ಇನ್ನೊಂದರಲ್ಲಿ ಮನೆಯ ದೊಡ್ಡ ಗಂಗಾಳ.

ಅಡ್ಡಣಿಗೆ ಎಂದರೆ ಮೂರು ಕಾಲಿನ ಹಿತ್ತಾಳೆಯ ಪೀಠ. ಮಠದ ಅಯ್ಯನವರು ಊಟಕ್ಕೆ ಬಂದ ದಿನ ಅವರ ಗಂಗಾಳವನ್ನು ಅದರ ಮೇಲೆ ಇಡುವುದು ಆ ಮನೆಯ ಪದ್ಧತಿ. ಉಳಿದ ದಿನ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದಳು ಹುಡುಗಿ, ಫಳಫಳ ಹೊಳೆಯುತ್ತಿತ್ತು.

"ಗುರುಗಳು ಬಂದ್ರ ಅಡ್ಡಣಿಗಿ ಇಡತಾರಲ್ಲ? ಟೀಚರ್ ನನ್ನ ಗುರು," ಎಂದು ಮಾಲಾಳ ಮುಂದೆ ಬಗ್ಗಿದಳು.

ಸುಂದರವ್ವನ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಸೊಸೆಯ ಮುಖ ನೋಡಿದಳು. ಮಾಲಾ ಕೂಡ ಮಹಾನಂದಾಳ ಮುಖವನ್ನೇ ನೋಡಿದಳು.

ಬಾಗಿಲಿಲ್ಲ, ಕಟ್ಟೆಯಿಲ್ಲ. ನೋಟ ಮಾತ್ರ ಅದೇ.

"ಬ್ಯಾಡ ಶಿವಾನಿ," ಎಂದಿತು ಮಹಾನಂದಾಳ ಬಾಯಿ. "ಅದರ ಕಾಲು ಅಳಗ್ಯಾಡತಾವ. ಸಾರು ಗೀರು ಚೆಲ್ಲೀತು. ಒಳಗ ಇಟ್ಟು ಬಾ."

"ಇಲ್ಲವ್ವಾ, ನಾ ಈಗ ತಿಕ್ಕೇನಿ..."

"ಇಡು ಅಂದ್ನೆಲ್ಲ."

ಮಾಲಾ ತನ್ನ ಮುಂದಿದ್ದ ಕಾಗದದ ತಾಟನ್ನು ಎರಡು ಬೆರಳಿನಿಂದ ನೆಟ್ಟಗೆ ಮಾಡಿಕೊಂಡಳು. "ಇರಲಿ ಬಿಡ ಶಿವಾನಿ. ಇದ ಛಲೋ. ಹಗುರ ಇರತೈತಿ."

ಮಹಾನಂದಾಳ ಎದೆ ತಾನಾಗಿ ಮೇಲೆದ್ದು ಇಳಿಯಿತು. ಒಂದು ಉಸಿರು. ಎಣಗಾಯಿ ಪಲ್ಯ ಬಡಿಸಲು ಬಗ್ಗಿದಳು.

ಮಾಲಾ ಎಲ್ಲವನ್ನೂ ಉಂಡಳು. ಮಾದಲಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು. ತಾಟನ್ನು ನಾಲ್ಕು ಮಡಿಕೆ ಮಡಿಚಿ ತಾನೇ ಬುಟ್ಟಿಗೆ ಹಾಕಿ, ಅಂಗಳದ ನಲ್ಲಿಯಲ್ಲಿ ಕೈ ತೊಳೆದಳು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುವಾಗ ಹೇಳಿದಳು. "ಮಾದಲಿ ಥೇಟ್ ನಿಮ್ಮವ್ವ ಮಾಡಿದಂಗ ಆಗಿತ್ರಿ. ಬೆಲ್ಲ ಮುಂದು."

ಮಹಾನಂದಾ ಗೇಟಿನ ಚಿಲಕ ಹಿಡಿದು ನಿಂತೇ ಇದ್ದಳು. ಅವ್ವನ ಮಾದಲಿಯನ್ನು ಮಾಲಾ ಉಂಡದ್ದು ಜೀವನದಲ್ಲಿ ಒಂದೇ ಸಲ.

ಒಳಗೆ ಬಂದರೆ ಶಿವಾನಿ ನೆಲದ ಮೇಲೆ ಕೂತಿದ್ದಳು. ಅಡ್ಡಣಿಗೆಯನ್ನು ಮುಂದಿಟ್ಟುಕೊಂಡು ಎರಡೂ ಅಂಗೈಯಿಂದ ಒತ್ತಿ ನೋಡುತ್ತಿದ್ದಳು, ಈ ಕಡೆಯಿಂದ, ಆ ಕಡೆಯಿಂದ. ಅದು ಕದಲಲಿಲ್ಲ.

"ಗಟ್ಟಿ ಅದಾವಲ್ಲವ್ವಾ ಕಾಲು."

ಮಹಾನಂದಾ ಉಸಿರು ಎಳೆದುಕೊಂಡಳು.

"ಮತ್ತ ಅದ ಉಸುರು ತಗೊಂಡಿ?" ಎಂದಳು ಮಗಳು. ಸಿಟ್ಟಿರಲಿಲ್ಲ ದನಿಯಲ್ಲಿ. ಗಾಬರಿಯಿತ್ತು, ಅಷ್ಟು ದಿನ ನಂಬಿದ್ದನ್ನು ಕೈಯಲ್ಲಿ ಒತ್ತಿ ನೋಡಿದವರ ಗಾಬರಿ. "ಉಣ್ಣಾಗ ತಗೊಂಡಿದ್ದೂ ನೋಡಿನಿ. ಟೀಚರೂ ನೋಡಿದ್ರು."

ಎಳೆದುಕೊಂಡ ಉಸಿರನ್ನು ಹೇಗೆ ಬಿಡಬೇಕೆಂದು ಮಹಾನಂದಾಳಿಗೆ ತಿಳಿಯದೆ ಹೋಯಿತು. ಕಳ್ಳಮಾಲು ಹಿಡಿದವಳ ಹಾಗೆ ಅದನ್ನು ಎದೆಯಲ್ಲಿ ಇಟ್ಟುಕೊಂಡೇ ಅಡುಗೆಮನೆಗೆ ಹೋದಳು. ಬುಟ್ಟಿಯ ಮೇಲುಗಡೆಯೇ ಇತ್ತು ನಾಲ್ಕು ಮಡಿಕೆಯ ತಾಟು. ಉಳಿದವರೆಲ್ಲ ಮುದ್ದೆ ಮಾಡಿ ಎಸೆದಿದ್ದರು.

ಮೂವತ್ತು ವರ್ಷ ತಾನು ಗಟ್ಟಿ ಮನಸ್ಸಿನವಳೆಂದು ತಿಳಿದಿದ್ದಳು. ಹಾಲು ಉಕ್ಕಿದ್ದಕ್ಕೆ, ಅತ್ತೆ ಬೈದದ್ದಕ್ಕೆ, ಕಳೆದುಕೊಂಡ ಬಸಿರಿಗೆ ಆ ಉಸಿರು ಆಸರೆಯಾಗಿತ್ತು, ಸುಳ್ಳಲ್ಲ. ಆದರೆ ಅವೆಲ್ಲ ತನ್ನ ಮೇಲೆ ಬಿದ್ದವು. ತಾನು ಇನ್ನೊಬ್ಬರ ಮೇಲೆ ಹಾಕಿದ್ದನ್ನೂ ಅದೇ ಉಸಿರಿನಲ್ಲಿ ಒರೆಸಿ ಕೂತಿದ್ದೆನಲ್ಲ, ಅದನ್ನು ಮೈಕಿನ ಮುಂದೆ ನಿಂತು ಕಲಿಸಲೂ ಹೋದೆನಲ್ಲ ಎಂದು ಸಿಂಕಿನ ಮುಂದೆ ನಿಂತು ನೆನೆದಳು. ಆ ಚಪ್ಪಾಳೆ ನೆನಪಾಗಿ ಮುಖ ಮುಚ್ಚಿಕೊಳ್ಳಬೇಕೆನ್ನಿಸಿತು. ಮಾಲಾ ಅಲ್ಲೇ ಬಾಗಿಲಿಗೆ ಆತು ಪೂರಾ ಕೇಳಿದ್ದಳು.

ಸೋಮವಾರ ಹೋಗಬೇಕೆಂದು ಸೀರೆ ಬದಲಿಸಿದಳು, ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಶಿವಾನಿ ಸೈಕಲ್ ತೆಗೆಯುವಾಗ, "ತಡಿ, ನಾನೂ ಬರತೇನಿ" ಎಂದಳು. ಶಿವಾನಿ ಸೈಕಲನ್ನು ಮತ್ತೆ ಗೋಡೆಗೆ ಒರಗಿಸಿದಳು. ಸ್ಕೂಟಿಯ ಹಿಂದೆ ಕೂತಳು, ದಾರಿಯುದ್ದಕ್ಕೂ ಅವ್ವನ ಸೊಂಟ ಹಿಡಿಯದೆ.

ಅಂಗಳದಲ್ಲಿ ಮಾಲಾ ಸುಣ್ಣದ ಪುಡಿಯಿಂದ ಗೆರೆ ಹಾಕಿಸುತ್ತಿದ್ದಳು. ಹುಡುಗಿಯರು ಕಾಲು ಚಾಚಿ ಮೈ ಸಡಿಲಿಸುತ್ತಿದ್ದರು. ಮಹಾನಂದಾ ಗೆರೆಯ ಆಚೆಗೇ ಚಪ್ಪಲಿ ಬಿಟ್ಟಳು. ಏನೇನೋ ಮಾತು ಕೂಡಿಸಿಕೊಂಡು ಬಂದಿದ್ದಳು, ಒಂದೂ ಉಳಿಯಲಿಲ್ಲ. ಬಲಗೈ ಎತ್ತಿದಳು. ಪೂರ್ತಿ ಏಳಲಿಲ್ಲ ಕೈ, ಕಿವಿಯ ಮಟ್ಟಕ್ಕೆ ಬಂದು ನಿಂತಿತು.

ಮಾಲಾ ಸುಣ್ಣದ ಡಬ್ಬಿ ಕೆಳಗಿಟ್ಟಳು. "ಏನ್ರಿ?"

"ತಪ್ಪು ನಂದು."

"ಯಾವುದು ಅಂತ ಹೇಳಬೇಕ್ರಿ. ಇಲ್ಲೆ ಹಂಗ ಐತಿ."

ಹುಡುಗಿಯರೆಲ್ಲ ಇತ್ತ ತಿರುಗಿದರು. ಇವರನ್ನು ಕಳಿಸಿ ಕೇಳಬಾರದೇ ಎಂದು ಒಂದು ಕ್ಷಣ ಬೇಡುವ ಹಾಗೆ ನೋಡಿದಳು ಮಹಾನಂದಾ. ಮಾಲಾ ಕಳಿಸಲಿಲ್ಲ.

"ಅಡ್ಡಣಿಗಿ ಕಾಲು ಗಟ್ಟಿ ಇದ್ದೂ. ನಾ ಸುಳ್ಳು ಹೇಳಿದೆ."

ಯಾರೋ ಒಬ್ಬಳು ತಿಳಿಯದೆ ಕಿಸಕ್ಕನೆ ನಕ್ಕಳು. ಶಿವಾನಿ ನಗಲಿಲ್ಲ.

"ಮತ್ತ?" ಎಂದಳು ಮಾಲಾ. ಅವಸರವಿರಲಿಲ್ಲ ಆ ಮಾತಿಗೆ.

"ಕಾಗದದ ತಾಟು... ಎಲ್ಲಾರಿಗೂ ಅಂತ ತಂದಿದ್ದಿಲ್ಲ. ನಿನ್ನ ಸಲುವಾಗಿ ತಂದಿದ್ದು."

"ಮತ್ತ?"

"ಕಟಕೋಳದಾಗ..." ಮಗಳ ಮುಂದೆ ಸತ್ತ ಅವ್ವನ ಹೆಸರು ತರಬೇಕಾಗಿತ್ತು. ತರಲಿಲ್ಲ, ಅದು ಅವ್ವನ ತಪ್ಪು, ಹೇಳಬೇಕಾದದ್ದು ತನ್ನದು. "ನೀ ಹೊರಗ ಕಟ್ಟಿ ಮ್ಯಾಲ ಉಣ್ಣಾಕ ಕುಂತಿದ್ದಿ. ನನ್ನ ಮುಖ ನೋಡಿದಿ. ಯಾಕ ನೋಡಿದಿ ಅಂತ ನನಗ ತಿಳೀತು. ತಿಳಿದೂ ಎದ್ದು ಬರಲಿಲ್ಲ. ಒಳಗ ಕುಂತು ರೊಟ್ಟಿ ಮುರದೆ."

ಮಾಲಾ ಬೂಟಿನ ತುದಿಯಿಂದ ಅಂಕುಡೊಂಕಾಗಿದ್ದ ಸುಣ್ಣದ ಗೆರೆಯನ್ನು ನೇರ ಮಾಡುತ್ತಿದ್ದಳು.

"ಮರುದಿನ ನಿನ್ನ ಬೆನ್ನು ಮುಟ್ಟಾಕ ನನ್ನ ಕೈ ಏಳಲಿಲ್ಲ," ಎಂದಳು ಕೊನೆಗೆ. "ಎರಡು ಸಲ ಹಿಂದ ಬಂದು ಹೊಳ್ಳಿ ಹೋದೆ. ಭರಮಪ್ಪ ಸರ್ ಬೆತ್ತ ತಗೊಂಡ್ರು. ಮೂರನೇ ಸಲಕ್ಕ ಮುಟ್ಟಿದೆ. ನಿನಗ ನೆನಪಿಲ್ಲ."

ಮಹಾನಂದಾಳಿಗೆ ನೆನಪಿರಲಿಲ್ಲ. ಅದೇ ಜಾಗ, ಅದೇ ಜೋರು ಎಂದು ಇಷ್ಟು ವರ್ಷ ಜೋಪಾನ ಮಾಡಿದ್ದ ನೆನಪು ಅರ್ಧಕ್ಕೆ ಕತ್ತರಿಸಿದ್ದು ಎಂದು ಈಗ ತಿಳಿಯಿತು. ಕೈ ಇಳಿಸಬೇಕೋ ಎತ್ತಿಯೇ ಇರಬೇಕೋ ಗೊತ್ತಾಗದೆ ಮಹಾನಂದಾ ಹಾಗೇ ನಿಂತಳು.

"ನಮ್ಮ ಅಪ್ಪನೂ ಉಸುರು ನೋಡಾಕ ಕಲಿಸಿದ್ದ ನನಗ," ಎಂದಳು ಮಾಲಾ. "ಬುದ್ಧವಂದನಾ ಆದ ಮ್ಯಾಲ ದಿನಾ ಕುಂದ್ರಸತಿದ್ದ. ಆದ್ರ ಮರಿಯಾಕಲ್ಲ. ಒಳಗ ಏನೈತಿ ಅಂತ ನೋಡಾಕ. ಕೈ ಇಳಸ್ರಿ, ನೋವಾದೀತು."

ಕೈ ಇಳಿಯಿತು. ಮಾಲಾ ಕ್ಷಮಿಸಿದೆ ಎನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ. ಸೀಟಿ ಬಾಯಿಗಿಟ್ಟು ಊದಿದಳು. ಹುಡುಗಿಯರು ದಡಬಡಿಸಿ ಚೌಕಗಳಿಗೆ ಹೋದರು. ಒಬ್ಬಳು ಜ್ವರವೆಂದು ಬಂದಿರಲಿಲ್ಲ.

"ಐದನೇ ಚೌಕ ಖಾಲಿ ಐತಿ. ಕುಂಡ್ರತೀರೇನ್ರಿ? ಇವತ್ತ ನಾನ ಓಡಾಕಿ ಅದೇನಿ."

ಮಹಾನಂದಾ ಸೆರಗನ್ನು ಸೊಂಟಕ್ಕೆ ಬಿಗಿದು ಗೆರೆಯೊಳಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಮೊಣಕಾಲು ಲಟಕ್ಕೆಂದವು. ಬೆರಳ ತುದಿಗೆ ತಣ್ಣನೆಯ ಮಣ್ಣು. ಪಕ್ಕದ ಚೌಕದಲ್ಲಿ ಶಿವಾನಿ ಆ ಕಡೆ ಮುಖ ಮಾಡಿ ಕೂತಿದ್ದಳು. ಹಿಂದಿನಿಂದ ಹೆಜ್ಜೆಯ ಸದ್ದು ಬಂತು. ನಲವತ್ತೈದು ದಾಟಿದ ಹೆಜ್ಜೆ, ಆದರೂ ಎಡಗಾಲಿನ ಮೇಲೆ ಭಾರ. ಬೆನ್ನು ಬಿಗಿಯಾಯಿತು. ಹೆಜ್ಜೆ ಹತ್ತಿರ ಬಂತು, ನಿಂತಿತು, ದಾಟಿ ಮುಂದೆ ಹೋಯಿತು. "ಖೋ!" ಏಳನೆಯ ಚೌಕದವಳು ಹಾರಿ ಎದ್ದಳು. ಆಟ ಆ ತುದಿಗೆ ಹೋಗಿ ತಿರುಗಿತು. ಮತ್ತೆ ಮಾಲಾಳ ಹೆಜ್ಜೆ. ಈ ಸಲ ಮೂರನೆಯ ಚೌಕಕ್ಕೆ.

ಮಹಾನಂದಾ ಕುತ್ತಿಗೆ ತಿರುಗಿಸಿದಳು.

"ಹೊಳ್ಳಿ ನೋಡಬ್ಯಾಡವ್ವಾ," ಎಂದಳು ಪಕ್ಕದಿಂದ ಶಿವಾನಿ, ತುಟಿ ಅಲುಗಿಸದೆ. "ಕೈ ಬಿದ್ದ ಮ್ಯಾಲ ಏಳೂದು."

"ಬೀಳಲಿಲ್ಲಂದ್ರ?"

"ಕುಂತಿರೂದು."

ಮಹಾನಂದಾ ಮುಂದೆ ತಿರುಗಿದಳು. ತೊಡೆಗಳು ಆಗಲೇ ನಡುಗುತ್ತಿದ್ದವು. ಅಂಗೈಯನ್ನು ಮಣ್ಣಿಗೆ ಊರಿ, ಬೆನ್ನನ್ನು ನೇರ ಮಾಡಿಕೊಂಡು ಕೂತಳು.